ನಡುವಿನ ಮಾರ್ಕ್ಸ್ ಕಾರ್ಡು

"ಒಳ್ಳೇವ್ಳು ಅನ್ನಿಸ್ಕೊಳ್ಳೋಕೆ ನಾನು ಈ ಫ್ಯಾಕ್ಟ್ರಿಗೆ ಬಂದಿಲ್ಲ ಕಣಕ್ಕ. ಕುಣಿಗಲ್ಲಲ್ಲಿ ಸೋದರತ್ತೆ ಮನೇಲಿ ಒಳ್ಳೇವ್ಳಾಗೇ ಇದ್ದೆ, ಏನ್ ಸಿಕ್ತು? ಎಮ್ಮೆ ಮೈ ತೊಳ್ದು ತೊಳ್ದು ಎಸ್ಸೆಲ್ಸೀಲಿ ಡುಮ್ಕಿ ಹೊಡ್ದೆ. ಗುಬ್ಬೀಲಿ ಗಂಡನ ಮನೇಲಿ ಒಳ್ಳೇವ್ಳಾಗಿದ್ದೆ, ಅಲ್ಲೇನ್ ಸಿಕ್ತು? ನಾನು ಇಂಗ್ಲೀಷ್ ಪಾಸಾದೆ ಅಂತ ಗೊತ್ತಾದ ದಿನ ನನ್ ಗಂಡ ಅನ್ನದ ತಟ್ಟೆ ಎತ್ತಿ ಎಸ್ದ, ನಾನೇನೋ ಅವ್ನ ಮಾನ ಕಳ್ದಂಗೆ. ಈಗ ಈ ಮೀಸೆ ಮೊಳೀದಿರೋನು ಬಂದು, ಲ್ಯಾಪ್‌ಟಾಪ್ನ ಮಗೀನಂಗೆ ಎದೆಗೆ ಅವಚ್ಕೊಂಡು, 'ನೀವು ಫೇಲ್' ಅಂತಾನೆ. ಅದೂ ಎಲ್ರ ಮುಂದೆ ಅಂತಾನೆ. ಕುಣಿಗಲ್ಲಲ್ಲಿ ಮೂರ್ರಲ್ಲಿ ಹೋಗಿದ್ದೂ ನಾನೇ, ಗುಬ್ಬೀಲಿ ಕಟ್ಟಿ ಎರಡು ಪಾಸಾಗಿದ್ದೂ ನಾನೇ, ತುಮಕೂರಲ್ಲಿ ಲೆಕ್ಕ ಪಾಸಾಗಿದ್ದೂ ನಾನೇ. ಮೂರು ಊರಲ್ಲಿ ಕುಂತು ಒಂದು ಪಾಸು ಮಾಡಿದೀನಿ. ಅವ್ನ ಕಂಪ್ಯೂಟ್ರಿಗೆ ಒಂದೇ ಊರು ಗೊತ್ತಿದ್ರೆ ಅದು ನನ್ ತಪ್ಪಾ? ಒಂದೇ ಏಟ್ಗೆ ಪಾಸಾದೋರು ಒಂದ್ಸಲ ಓದ್ದೋರು. ನಾನು ಮೂರ್ ಸಲ ಓದ್ದೋಳು. ಯಾರು ಜಾಸ್ತಿ ಓದ್ದಂಗಾಯ್ತು, ನೀನೇ ಹೇಳು? ಬ್ಯಾಡ ಬುಡು, ಹೇಳ್ಬೇಡ. ನೀನೂ ಅವ್ರ ಜೊತೆ ನಗ್ತಿದ್ದೆ. ನಾನು ನೋಡ್ದೆ."

ನಾನು ನಕ್ಕಿರಲಿಲ್ಲ. ಆದರೆ ಹನುಮಂತಮ್ಮನಿಗೆ ಹಾಗೆಂದು ಹೇಳಿ ಪ್ರಯೋಜನವಿರಲಿಲ್ಲ. ಅವಳು ಒಮ್ಮೆ ಒಬ್ಬರನ್ನು ಶತ್ರುಗಳ ಸಾಲಿಗೆ ಸೇರಿಸಿದರೆ ಮುಗಿಯಿತು, ಆಚೆ ಬಿಡುತ್ತಿರಲಿಲ್ಲ.

ತುಮಕೂರಿನಿಂದ ಗುಬ್ಬಿ ಕಡೆಗೆ ಹೋಗುವ ರಸ್ತೆಯಲ್ಲಿ ನಾವು ಕೆಲಸ ಮಾಡುತ್ತಿದ್ದ ಕಾಯಿಪುಡಿ ಫ್ಯಾಕ್ಟರಿ ಇತ್ತು. ತೆಂಗಿನಕಾಯಿಯ ಚಿಪ್ಪು ಬಿಡಿಸಿ, ತಿರುಳಿನ ಮೇಲಿನ ಕಂದು ಸಿಪ್ಪೆ ಹೆರೆದು, ಬಿಳಿಯದನ್ನು ಪುಡಿ ಮಾಡಿ ಒಣಗಿಸಿ ಮೂಟೆ ಕಟ್ಟಿ ಕಳಿಸುತ್ತಿದ್ದರು. ಸಿಪ್ಪೆ ಹೆರೆಯುವವರು ನಾವು ಹೆಂಗಸರು. ಉದ್ದಕ್ಕೆ ಸಾಲಾಗಿ ಕೂರುತ್ತಿದ್ದೆವು. ನಮ್ಮ ಮೇಲೆ ಸೂಪರ್‌ವೈಸರ್ ಹನುಮಂತಮ್ಮ. ಶೆಡ್ಡಿನ ಕೊನೆಯಲ್ಲಿ ಅವಳಿಗೊಂದು ಕುರ್ಚಿ, ಒಂದು ಮೇಜು. ಅವಳು ನೋಡಿ ಒಪ್ಪಿದ ಮೇಲೆಯೇ ಬುಟ್ಟಿ ತೊಳೆಯುವ ಕಡೆ ಹೋಗಬೇಕು. ಒಂದು ಚೂರು ಕಂದು ಉಳಿದಿದ್ದರೂ ಬುಟ್ಟಿಯನ್ನು ಅಲ್ಲೇ ಮಗುಚಿಬಿಡುತ್ತಿದ್ದಳು. "ಇದ್ನ ನಿನ್ ಬೀಗ್ರಿಗೆ ತಿನ್ಸು" ಎನ್ನುತ್ತಿದ್ದಳು. ನನ್ನ ಬೆರಳು ಬಾತು ಕೆಲಸ ನಿಧಾನವಾದ ದಿನ, "ಕೈಲಾಗ್ದಿದ್ರೆ ಮನೇಲಿ ಕೂತ್ಕೋ ರೇವಕ್ಕ, ಇದು ಧರ್ಮಛತ್ರ ಅಲ್ಲ" ಎಂದು ಎಲ್ಲರೆದುರಿಗೆ ಅಂದವಳು. ಅವಳನ್ನು ಕಂಡರೆ ನನಗೆ ಪ್ರೀತಿಯೇನೂ ಇರಲಿಲ್ಲ. ಅವಳ ಕಥೆಯನ್ನು ಬರೆಯುತ್ತಿರುವುದು ಪ್ರೀತಿಗಲ್ಲ, ಕೇಳಿದ್ದೇನೆ ಎಂಬ ಒಂದೇ ಕಾರಣಕ್ಕೆ. ಅವಳು ಬೈಯುವಾಗಲೂ ತನ್ನ ಕಥೆಯನ್ನೇ ಹೇಳುತ್ತಿದ್ದಳು. ಬೈಗುಳವನ್ನು ಸೋಸಿದರೆ ಕಥೆ ಉಳಿಯುತ್ತಿತ್ತು.

ಅವಳು ಹುಟ್ಟಿದ್ದು ಅಮೃತೂರಿನ ಪಕ್ಕದ ಹಳ್ಳಿಯಲ್ಲಿ. ಅಪ್ಪ ಗುಂಡಯ್ಯ ಮಗಳು ಓದಲಿ ಎಂದು ಕುಣಿಗಲ್ಲಿನಲ್ಲಿ ತನ್ನ ತಂಗಿಯ ಮನೆಯಲ್ಲಿ ಬಿಟ್ಟ. ತಂಗಿಗೆ ಬೇಕಾಗಿದ್ದುದು ಆಳು. ಮುಸುರೆ, ಎಮ್ಮೆ, ಕೆರೆಯ ಹತ್ತಿರ ಬಟ್ಟೆ ಒಗೆತ, ಎಲ್ಲ ಮುಗಿದ ಮೇಲೆ ಪುಸ್ತಕ. ತೊಂಬತ್ತೊಂದನೇ ಇಸವಿಯಲ್ಲಿ ಎಸ್ಸೆಲ್ಸಿ ಬರೆದಾಗ ಇಂಗ್ಲಿಷ್, ವಿಜ್ಞಾನ, ಗಣಿತ ಮೂರರಲ್ಲೂ ಹೋಯಿತು. ಓದಿದ್ದು ಸಾಕು ಎಂದು ಗುಬ್ಬಿಯ ಮಂಡಿಯೊಂದರಲ್ಲಿ ಮೂಟೆ ತೂಗಿಸುತ್ತಿದ್ದ ಕದರಯ್ಯನಿಗೆ ಕೊಟ್ಟರು.

ಫೇಲಾದ ವಿಷಯಗಳಿಗೆ ಮಾತ್ರ ಮತ್ತೆ ಫೀಸು ಕಟ್ಟಿ ಪರೀಕ್ಷೆ ಬರೆಯುವುದಕ್ಕೆ ನಮ್ಮ ಕಡೆ 'ಕಟ್ಟುವುದು' ಎನ್ನುತ್ತಾರೆ. ಎಷ್ಟೋ ಮಂದಿ ಹಾಗೆ ಕಟ್ಟಿ ಕಟ್ಟಿಯೇ ಪಾಸಾದವರು. ಪ್ರತಿ ಸಲವೂ ಬೇರೆ ನಂಬರು, ಬೇರೆ ಮಾರ್ಕ್ಸ್ ಕಾರ್ಡು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಪಾಸು. ಹನುಮಂತಮ್ಮ ಗುಬ್ಬಿಯಲ್ಲಿ, ಹೊಟ್ಟೆನೋವು, ಆಸ್ಪತ್ರೆಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ಹೋಗಿ ಪರೀಕ್ಷೆ ಬರೆದಳು. ಇಂಗ್ಲಿಷ್, ವಿಜ್ಞಾನ ಪಾಸು. ಗಣಿತ ಮತ್ತೆ ಹೋಯಿತು. ಏಳನೇ ಕ್ಲಾಸಿಗೆ ನಿಂತಿದ್ದ ಕದರಯ್ಯನಿಗೆ ಯಾರೋ ಮಂಡಿಯಲ್ಲಿ, "ಏನ್ಲಾ ಕದ್ರ, ಹೆಂಡ್ತಿ ಇಂಗ್ಲೀಷ್ ಪಾಸಂತೆ, ಇನ್ ಮ್ಯಾಲೆ ನೀನು ಎಸ್ ಮೇಡಂ ಅನ್ಬೇಕು ಕಣ್ಲಾ" ಎಂದು ರೇಗಿಸಿದರಂತೆ. ಆ ರಾತ್ರಿಯದೇ ತಟ್ಟೆ ಎಸೆದ ಕಥೆ. ಅತ್ತೆ ಮಾರ್ಕ್ಸ್ ಕಾರ್ಡನ್ನು ಸೌದೆ ಅಟ್ಟದ ಮೇಲೆ ತೂರಿಸಿದ್ದಳು. ಅದನ್ನು ಹುಡುಕಿ ತೆಗೆದುಕೊಂಡು, ಮಗಳು ತನುಶ್ರೀಯನ್ನು ಕಂಕುಳಲ್ಲಿ ಇಟ್ಟುಕೊಂಡು ಹನುಮಂತಮ್ಮ ತುಮಕೂರಿಗೆ ಬಂದಳು. ಇದೇ ಫ್ಯಾಕ್ಟರಿಗೆ ಸೇರಿ, ಸಿಪ್ಪೆ ಹೆರೆಯುತ್ತಲೇ ಗಣಿತವನ್ನೂ ಕಟ್ಟಿದಳು. ತೊಂಬತ್ತೊಂಬತ್ತರಲ್ಲಿ ಅದೂ ಆಯಿತು. ಎರಡು ವರ್ಷಕ್ಕೆ ಹಳೇ ಮಾಲೀಕರು ಸೂಪರ್‌ವೈಸರ್ ಕುರ್ಚಿ ಕೊಟ್ಟರು.

ಈಗ ಅವಳು ಮಾಡಿದ ಕೆಲಸ ಕೇಳಿ. ಆ ಕಾಲಕ್ಕೆ ತುಮಕೂರಿನಲ್ಲಿ ಲ್ಯಾಮಿನೇಷನ್ ಹುಚ್ಚು ಹಿಡಿದಿತ್ತು. ರೇಷನ್ ಕಾರ್ಡು, ದೇವರ ಪಟ, ಜಾತಕ, ಸತ್ತವರ ಫೋಟೊ, ಕಂಡಿದ್ದೆಲ್ಲ ಪ್ಲಾಸ್ಟಿಕ್ಕಿನೊಳಗೆ. ಹನುಮಂತಮ್ಮನೂ ಮೂರು ಮಾರ್ಕ್ಸ್ ಕಾರ್ಡು ಹಿಡಿದು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಅಪ್ಪಾಜಿಯ ಬಳಿಗೆ ಹೋದಳು. ಬಿಡಿಬಿಡಿಯಾಗಿದ್ದರೆ ಒಂದನ್ನು ಯಾರಾದರೂ ಮತ್ತೆ ಅಟ್ಟಕ್ಕೆ ತೂರಿಸಿಯಾರು ಎಂಬ ಭಯ ಅವಳಿಗೆ. ಮೂರನ್ನೂ ಒಂದರ ಮೇಲೊಂದು ಇಟ್ಟು ಒಟ್ಟಿಗೇ ಲ್ಯಾಮಿನೇಷನ್ ಮಾಡಿಸಿದಳು. ಮುಂದೆ ಕುಣಿಗಲ್, ಹಿಂದೆ ತುಮಕೂರು. ಗುಬ್ಬಿಯದು ನಡುವೆ ಮುಚ್ಚಿಹೋಯಿತು. "ಮೊದ್ಲೂ ಕಾಣ್ತದೆ, ಕೊನೇನೂ ಕಾಣ್ತದೆ, ಇನ್ನೇನ್ ಬೇಕು" ಎಂದು ಅವಳೇ ಅಂದಳಂತೆ. ಹಳೇ ಮಾಲೀಕರು ಅದನ್ನು ಕೈಯಲ್ಲಿ ಹಿಡಿದು ನೋಡಿ ವಾಪಸ್ಸು ಕೊಟ್ಟಿದ್ದರು. ಅವರಿಗೆ ಅಷ್ಟೇ ಸಾಕಾಗಿತ್ತು.

ಎರಡು ಸಾವಿರದ ಎಂಟರಲ್ಲಿ ಫ್ಯಾಕ್ಟರಿಯನ್ನು ಬೆಂಗಳೂರಿನವರು ಕೊಂಡುಕೊಂಡರು. ಅವರು ಕಳಿಸಿದ ಹುಡುಗ ಲಕ್ಷ್ಮೀಕಾಂತ್. ಸಂಬಳದ ಕೆಲಸದಲ್ಲಿದ್ದವರೆಲ್ಲರ ಸರ್ಟಿಫಿಕೇಟು ಕಂಪ್ಯೂಟರಿನಲ್ಲಿ ತಾಳೆಯಾಗಬೇಕು ಎಂದು ಹೇಳಿದ. ಕಾರ್ಡಿನ ನಂಬರನ್ನು ಅವನು ಲ್ಯಾಪ್‌ಟಾಪಿನಲ್ಲಿ ಕಳಿಸುವುದು, ಯಾವುದೋ ಏಜೆನ್ಸಿಯವರು ಪರೀಕ್ಷಾ ಮಂಡಳಿಯಲ್ಲಿ ವಿಚಾರಿಸಿ ಪಾಸೋ ಫೇಲೋ ಎಂದು ಅದರಲ್ಲೇ ಉತ್ತರ ಹಾಕುವುದು. ತಿಂಗಳ ಕೊನೆಯೊಳಗೆ ತಾಳೆಯಾಗದಿದ್ದರೆ ಕುರ್ಚಿ ಬಿಟ್ಟು ಸಿಪ್ಪೆ ಸಾಲಿಗೆ ಇಳಿಯಬೇಕು.

ಊಟದ ಬಿಡುವಿನಲ್ಲಿ ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಹೆಸರು ಕೂಗಿದ. "ಶಶಿರೇಖಾ, ಪಿಯುಸಿ, ಓಕೆ." ಶಶಿರೇಖಾ ಮೂಟೆ ಲೆಕ್ಕ ಬರೆಯುವವಳು. ಹನುಮಂತಮ್ಮನ ಕುರ್ಚಿಯ ಮೇಲೆ ಅವಳಿಗೆ ಮೊದಲಿಂದಲೂ ಕಣ್ಣು. ಆಮೇಲೆ, "ಹನುಮಂತಮ್ಮ, ಎಸ್ಸೆಲ್ಸಿ, ಫೇಲ್."

ಬುತ್ತಿ ತಿನ್ನುತ್ತಿದ್ದ ಕೈಗಳು ನಿಂತವು. ಯಾರೋ ಕಿಸಕ್ಕನೆ ನಕ್ಕರು.

"ಯಾವ್ ನಂಬರ್ ಹಾಕಿದ್ರಿ ಸಾ?" ಹನುಮಂತಮ್ಮ ಎದ್ದು ನಿಂತಳು.

"ಮುಂದೆ ಇರೋ ನಂಬರ್."

"ಮುಂದೆ ಇರೋದು ಕುಣಿಗಲ್ದು. ತಿರುವಿ ನೋಡೋಕೆ ಕೈ ಬರ್ಲಿಲ್ವಾ?"

"ಅದನ್ನೂ ಕಳಿಸ್ದೆ ಅಮ್ಮ. ಅದರಲ್ಲಿ ಬರೀ ಗಣಿತ ಇದೆ. ಇಂಗ್ಲಿಷ್, ಸೈನ್ಸ್ ಎಲ್ಲಿ?"

"ಒಳಗವೆ."

"ಯಾವುದರ ಒಳಗೆ?"

"ಇದ್ರೊಳಗೇ. ನಡೂಕೆ ಇನ್ನೊಂದು ಕಾರ್ಡೈತೆ."

ಲಕ್ಷ್ಮೀಕಾಂತ್ ಅದನ್ನು ಬಿಸಿಲಿಗೆ ಹಿಡಿದ. ಆ ದಪ್ಪ ಕಾಗದದೊಳಗೆ ಏನು ಕಾಣುತ್ತದೆ? ಶಶಿರೇಖಾ ಡಬ್ಬಿಯ ಮುಚ್ಚಳ ಹಾಕುತ್ತಾ, "ಸಾ, ನನ್ ವ್ಯಾನಿಟಿ ಬ್ಯಾಗಲ್ಲೂ ಒಂದು ಡಾಕ್ಟ್ರು ಡಿಗ್ರಿ ಐತೆ, ಒಳಗೆ. ತೆಗೀಬೇಡಿ, ಸುಮ್ನೆ ನಂಬ್ಕೊಳ್ಳಿ" ಎಂದಳು. ಆಗ ಇಡೀ ಶೆಡ್ಡು ನಕ್ಕಿತು. ಅಷ್ಟು ವರ್ಷ ಮಗುಚಿಸಿಕೊಂಡ ಬುಟ್ಟಿಗಳೆಲ್ಲ ಆ ನಗೆಯಲ್ಲಿದ್ದವು.

"ಕತ್ತರಿಸಿ ತೆಗೀರಿ, ನಂಬರ್ ಕೊಡಿ, ಕಳಿಸ್ತೀನಿ" ಎಂದ ಲಕ್ಷ್ಮೀಕಾಂತ್.

"ಕತ್ತರ್ಸಲ್ಲ."

"ಹಾಗಿದ್ರೆ ನಾನೇನು ಮಾಡಕ್ಕಾಗಲ್ಲ."

ಅವಳು ಕತ್ತರಿಸುವುದಿಲ್ಲ ಎಂದದ್ದಕ್ಕೆ ಕಾರಣವಿತ್ತು. ಲ್ಯಾಮಿನೇಷನ್ ಬಿಡಿಸಲು ಹೋಗಿ ಅಕ್ಷರವೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿ ಎದ್ದುಬಂದ ಕಥೆಗಳನ್ನು ನಾವೂ ಕೇಳಿದ್ದೆವು. ಆದರೆ ಹೆಂಗಸರು ಆ ಕಾರಣವನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಂಡಾರು? ಕತ್ತರಿಸಿದರೆ ಒಳಗೆ ಏನೂ ಇರುವುದಿಲ್ಲ, ಅದಕ್ಕೇ ಹೆದರುತ್ತಾಳೆ ಎಂದು ಮಾತಾಯಿತು. ಬಚ್ಚಲಿನ ಗೋಡೆಯ ಮೇಲೆ ಇದ್ದಿಲಲ್ಲಿ 'ಬೋಗಸ್ ಹನುಮಿ' ಎಂದು ಯಾರೋ ಬರೆದರು. ಅವಳು ಬುಟ್ಟಿ ನೋಡಲು ಬಂದರೆ, "ಫೇಲಾದೋರು ನಮ್ಮನ್ನ ಪಾಸ್ ಮಾಡ್ತಾರಂತೆ ಕಣ್ರೇ" ಎಂದು ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದರು. ಅವಳು ಗೋಡೆಯ ಬರಹವನ್ನು ಅಳಿಸಲಿಲ್ಲ. ಬದಲಿಗೆ ಬುಟ್ಟಿ ಮಗುಚುವುದನ್ನು ಹೆಚ್ಚು ಮಾಡಿದಳು.

ಒಂದು ಸಂಜೆ ಬಸ್ಸಿಳಿದವಳೇ, "ಬಾ ರೇವಕ್ಕ, ನೀನು ಸಾಕ್ಷಿಗೆ ಬೇಕು" ಎಂದು ನನ್ನನ್ನು ಅಪ್ಪಾಜಿಯ ಅಂಗಡಿಗೆ ಎಳೆದುಕೊಂಡು ಹೋದಳು. ಅಪ್ಪಾಜಿ ಅದನ್ನು ನೋಡಿ ಹಣೆ ಚಚ್ಚಿಕೊಂಡ.

"ಇದ್ನ ಯಾವನು ಮಾಡಿಕೊಟ್ಟ?"

"ನೀನೇ."

"ನಾನಾ? ಬೇಡ ಅಂತ ಹೇಳಿರ್ತೀನಿ."

"ಹೇಳಿದ್ದೆ. ನಾನು ಮಾಡು ಅಂದೆ, ನೀನು ಬಾಯ್ಮುಚ್ಕೊಂಡು ಮಾಡ್ದೆ. ಈಗ ಬಿಚ್ಚು."

"ನಾನು ಮುಟ್ಟಲ್ಲಮ್ಮ. ಮ್ಯಾಲಿಂದು ಎರಡೂ ಪ್ಲಾಸ್ಟಿಕ್ಕಿಗೆ ಕಚ್ಕೊಂಡವೆ, ಎಳದ್ರೆ ಹರೀತವೆ. ನಡೂದಕ್ಕೆ ಪ್ಲಾಸ್ಟಿಕ್ ಸೋಕೇ ಇಲ್ಲ, ಅಂಚು ಕತ್ತರಿಸಿದ್ರೆ ಅದು ಹಂಗೇ ಜಾರಿ ಬರ್ಬೋದು. ಬರ್ದೇನೂ ಇರ್ಬೋದು. ನಾನು ಗ್ಯಾರಂಟಿ ಕೊಡಲ್ಲ."

"ನಿನ್ ಗ್ಯಾರಂಟಿ ಯಾರಿಗೆ ಬೇಕು? ನಾನೇ ಕತ್ತರಿಸ್ಕೋತೀನಿ."

ಹಾಗಿದ್ದರೆ ಮನೆಯಲ್ಲೇ ಕತ್ತರಿಸಿಕೊಂಡು ತಂದುಬಿಡು ಎಂದು ದಾರಿಯಲ್ಲಿ ನಾನು ಹೇಳಿದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಮನೇಲಿ ಕತ್ತರಿಸಿದ್ರೆ, ಯಾವ್ದೋ ಬೋಗಸ್ ಕಾರ್ಡ್ ಮಾಡ್ಸಿ ಒಳಗೆ ಸೇರಿಸ್ಕೊಂಡು ಬಂದ್ಲು ಅಂತಾಳೆ ಆ ಶಶಿರೇಖಾ. ಅವ್ಳು ಅನ್ನದಿದ್ರೆ ನೀನಂತೀಯ."

ಮಾರನೇ ದಿನ ಊಟದ ಬಿಡುವಿನಲ್ಲಿ, ಎಲ್ಲರೂ ಕೂತಿದ್ದಾಗ, ಅವಳು ತನ್ನ ಮೇಜನ್ನು ಶೆಡ್ಡಿನ ನಡುವಿಗೆ ಎಳೆದಳು. ಲಕ್ಷ್ಮೀಕಾಂತನನ್ನು ಕರೆಸಿದಳು. "ಶಶಿರೇಖಾ, ಬಾರಮ್ಮ, ಹತ್ರ ಬಾ. ದೂರದಲ್ಲಿ ನಿಂತು ಆಮೇಲೆ ಕಾಣ್ಲಿಲ್ಲ ಅನ್ಬೇಡ." ನನ್ನ ಕೈಯಲ್ಲಿದ್ದ ಸಿಪ್ಪೆ ಚಾಕುವನ್ನು ಕೇಳದೆ ಕಿತ್ತುಕೊಂಡು ಸೀರೆಗೆ ಒರೆಸಿದಳು. ಮೇಲಿನ ಅಂಚು ಕೊಯ್ದಳು. ಪಕ್ಕದ ಅಂಚು ಕೊಯ್ಯುವಾಗ ಚಾಕು ಜಾರಿ ತುಮಕೂರಿನ ಕಾರ್ಡಿನ ಮೂಲೆ ಹರಿಯಿತು. ಯಾರೋ "ಅಯ್ಯೋ" ಎಂದರು. "ಬಾಯ್ಮುಚ್ಚೇ" ಎಂದಳು, ತಲೆ ಎತ್ತದೆ. ಆಮೇಲೆ ಎರಡು ಬೆರಳು ಒಳಗೆ ತೂರಿಸಿ ಮೆಲ್ಲಗೆ ಎಳೆದಳು.

ಕಾರ್ಡು ಜಾರಿ ಬಂತು. ಹೊರಗಿನ ಎರಡೂ ಬಣ್ಣಗೆಟ್ಟಿದ್ದವು, ಇದು ಮಾತ್ರ ನಿನ್ನೆ ಮೊನ್ನೆ ಕೊಟ್ಟ ಹಾಗಿತ್ತು.

"ಅದ್ಕೇ ಕಣ್ರೇ ಅನುಮಾನ, ಎಷ್ಟು ಹೊಸ್ದಾಗೈತೆ ನೋಡ್ರಿ" ಎಂದಳು ಶಶಿರೇಖಾ.

ಹನುಮಂತಮ್ಮ ಕಾರ್ಡನ್ನು ಲಕ್ಷ್ಮೀಕಾಂತನ ಮುಂದೆ ಹಿಡಿದಳೇ ಹೊರತು ಅವನ ಕೈಗೆ ಕೊಡಲಿಲ್ಲ. "ನಂಬರ್ ಬರ್ಕೊಳ್ಳಿ. ಇಲ್ಲೇ, ನನ್ ಕೈಲಿದ್ದಂಗೇ ಬರ್ಕೊಳ್ಳಿ."

ನಂಬರು ಹೋಯಿತು. ಉತ್ತರ ಬೇಗ ಬರಲಿಲ್ಲ. ಆ ದಿನಗಳಲ್ಲಿ ಲಕ್ಷ್ಮೀಕಾಂತ್ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಇಡೀ ಸಾಲಿನ ಚಾಕುಗಳು ನಿಧಾನವಾಗುತ್ತಿದ್ದವು. ಶಶಿರೇಖಾ ಆಗಲೇ ಕುರ್ಚಿಗೊಂದು ದಿಂಬು ತಂದಿಟ್ಟಿದ್ದಾಳೆ ಎಂದು ಸುದ್ದಿ. ಸುಳ್ಳಿರಬಹುದು, ನಾನು ದಿಂಬನ್ನು ನೋಡಲಿಲ್ಲ. ಹನುಮಂತಮ್ಮ ಯಾರನ್ನೂ ಮಾತಾಡಿಸದೆ ಬೈಯುವುದನ್ನು ಮಾತ್ರ ಮಾಡುತ್ತಿದ್ದಳು.

ತಿಂಗಳು ಮುಗಿಯಲು ಬಂದಾಗ ಒಂದು ದಿನ ಊಟದ ಬಿಡುವಿನಲ್ಲಿ ಲಕ್ಷ್ಮೀಕಾಂತ್ ಅವಳನ್ನು ಆಫೀಸಿನ ಒಳಗೆ ಕರೆದ. ಆಫೀಸೆಂದರೆ ಶೆಡ್ಡಿನ ಮೂಲೆಗೆ ಹಲಗೆ ಹೊಡೆದು ಮಾಡಿದ್ದು. ನಾನು ಕೂರುತ್ತಿದ್ದುದು ಅದರ ಪಕ್ಕದಲ್ಲೇ. ಅವನು ದನಿ ತಗ್ಗಿಸಿ ಹೇಳಿದ್ದು ಕೇಳಿಸಿತು.

"ಬಂತು ಅಮ್ಮ. ಇಂಗ್ಲಿಷ್, ಸೈನ್ಸ್ ಎರಡೂ ಇದೆ. ಎಲ್ಲಾ ಸೇರಿಸಿದ್ರೆ ಪಾಸ್. ಮುಗೀತು, ಹೋಗಿ ಕೆಲಸ ನೋಡ್ಕೊಳ್ಳಿ."

"ಮುಗೀಲಿಲ್ಲ. ಹೊರಗೆ ಬಂದು ಹೇಳಿ."

"ನೋಟಿಸ್ ಬೋರ್ಡಿಗೆ ಹಾಕಿಸ್ತೀನಿ."

"ಫೇಲ್ ಅಂದಾಗ ಬೋರ್ಡಿಗೆ ಹಾಕಿದ್ರಾ? ಬಾಯಲ್ಲಿ ಕೂಗಿದ್ರಿ. ಊಟದ ಹೊತ್ತಲ್ಲಿ ಕೂಗಿದ್ರಿ. ಈಗ್ಲೂ ಊಟದ ಹೊತ್ತಲ್ಲೇ ಕೂಗಿ."

"ನೋಡಿ, ನಿಮಗೆ ಒಳ್ಳೇದಾಗಿದೆ. ಯಾಕೆ ಜಗಳ?"

"ನನಗೆ ನೀವು ಒಳ್ಳೇದು ಮಾಡ್ಲಿಲ್ಲ. ನಂದು ನಂಗೆ ಕೊಟ್ರಿ. ಬನ್ನಿ ಆಚೆ."

ಅವನು ಬಂದ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದು ಬಾಗಿಲಲ್ಲಿ ನಿಂತ. "ಹನುಮಂತಮ್ಮ ಅವರದು ಎಸ್ಸೆಲ್ಸಿ ವೆರಿಫೈ ಆಗಿದೆ, ಪಾಸ್" ಎಂದು ಒಂದೇ ಉಸಿರಿಗೆ ಹೇಳಿ ತಿರುಗಿದ.

"ಜೋರಾಗಿ. ಹಿಂದಿನ ಸಾಲಿಗೆ ಕೇಳ್ಲಿಲ್ಲ. ಒಂದೊಂದು ಸಬ್ಜೆಕ್ಟೂ ಓದಿ. ಯಾವೂರು, ಎಷ್ಟು ಮಾರ್ಕ್ಸು, ಎಲ್ಲ."

ಅವನು ಓದತೊಡಗಿದ. ಕುಣಿಗಲ್, ಕನ್ನಡ ಇಷ್ಟು, ಹಿಂದಿ ಇಷ್ಟು, ಸಮಾಜ ಇಷ್ಟು. ಅಲ್ಲಿಂದ ನೇರ ಗುಬ್ಬಿಗೆ ಹಾರಿದ. ಹನುಮಂತಮ್ಮ ಕೈ ಅಡ್ಡ ಹಿಡಿದಳು. "ಕುಣಿಗಲ್ದು ಇನ್ನೂ ಮೂರು ಬುಟ್ರಿ."

"ಅವು ಫೇಲಾಗಿರೋದು ಅಮ್ಮ."

"ಗೊತ್ತು. ಓದಿ."

ಓದಿದ. ಇಂಗ್ಲಿಷ್ ಇಪ್ಪತ್ತೊಂದು, ಫೇಲ್. ವಿಜ್ಞಾನ ಇಪ್ಪತ್ತೇಳು, ಫೇಲ್. ಗಣಿತ ಹನ್ನೊಂದು, ಫೇಲ್. ಗುಬ್ಬಿ, ಇಂಗ್ಲಿಷ್ ಮೂವತ್ತೆಂಟು, ಪಾಸ್. ವಿಜ್ಞಾನ ನಲವತ್ತೊಂದು, ಪಾಸ್. ಗಣಿತ ಹತ್ತೊಂಬತ್ತು, ಫೇಲ್. ತುಮಕೂರು, ಗಣಿತ ಮೂವತ್ತೈದು, ಪಾಸ್.

ಮೂವತ್ತೈದು ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಹನುಮಂತಮ್ಮ ಆ ಕಡೆ ತಿರುಗಿದಳು.

"ಯಾರೇ ಅದು? ನಗಿ, ಬಾಯ್ಬಿಟ್ಟೇ ನಗಿ. ಮೂವತ್ತೈದೇ ಬಂದಿದ್ದು. ಒಂದು ಕಮ್ಮಿ ಬಂದಿದ್ರೆ ನೀವು ಗೋಡೆ ಮ್ಯಾಲೆ ಬರ್ದಿದ್ದು ನಿಜ ಆಗ್ತಿತ್ತು. ಬರ್ಲಿಲ್ಲ. ಆ ಒಂದು ಮಾರ್ಕ್ಸಿಗೆ ನಾನು ಸಿಪ್ಪೆ ಹೆರೀತಾ ಹೆರೀತಾ ಬಾಯಲ್ಲಿ ಮಗ್ಗಿ ಹೇಳ್ಕೊಂಡಿದೀನಿ. ಪಕ್ಕದಲ್ಲಿ ಕೂತಿದ್ದ ರೇವಕ್ಕ ಇವ್ಳಿಗೆ ಹುಚ್ಚು ಅಂತ ದೂರ ಸರ್ಕೊಂಡ್ಲು. ಕೇಳಿ ಬೇಕಾರೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಸರಿದು ಕೂತದ್ದು ಹುಚ್ಚೆಂದಲ್ಲ, ಅವಳ ಮೊಣಕೈ ತಗುಲುತ್ತಿತ್ತು. ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

"ಮೂವತ್ತೈದು ತಗೊಂಡೋರ ಕೈಕೆಳಗೆ ನಾನು ಇರಲ್ಲ" ಎಂದಳು ಶಶಿರೇಖಾ.

"ಇರು ಅಂತ ಯಾರು ಕಾಲು ಹಿಡ್ದವ್ರೆ? ಗೇಟು ತೆರ್ದೈತೆ."

ಶಶಿರೇಖಾ ಅದೇ ತಿಂಗಳು ವಸಂತನರಸಾಪುರದ ಕಡೆ ಎಲ್ಲೋ ಕೆಲಸ ಹಿಡಿದು ಹೋದಳು. ಲಕ್ಷ್ಮೀಕಾಂತ್ ಅಂದಿನಿಂದ ಶೆಡ್ಡಿನ ಬಾಗಿಲಿಗೆ ಬಂದು ಯಾರ ಹೆಸರನ್ನೂ ಕೂಗಲಿಲ್ಲ, ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳುತ್ತಿದ್ದ. ತಪ್ಪಾಯಿತು ಎಂದು ಹನುಮಂತಮ್ಮನಿಗೆ ಯಾರೂ ಹೇಳಲಿಲ್ಲ. ಅವಳೂ ಹೇಳಿಸಿಕೊಳ್ಳಲು ಕಾಯಲಿಲ್ಲ. ಗೋಡೆಯ ಮೇಲಿನ ಇದ್ದಿಲ ಅಕ್ಷರ ಹಾಗೇ ಇತ್ತು. ಅದನ್ನು ಒರೆಸಲು ಹೋದ ಹೆಂಗಸನ್ನು, "ಬರ್ದೋಳೇ ಬಂದು ಒರೆಸ್ಲಿ, ನೀನ್ಯಾಕೆ?" ಎಂದು ಅವಳೇ ಗದರಿ ಕಳಿಸಿದಳು.

ನಾವಿಬ್ಬರೂ ಒಂದೇ ಬೀದಿಯವರು. ಅವನು ಪಾಸೆಂದು ಓದಿದ ವಾರದ ಭಾನುವಾರ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಅವಳು, ಮಗಳು ತನುಶ್ರೀ ಇಬ್ಬರೂ ನನಗಿಂತ ಮುಂದೆ ನಿಂತಿದ್ದರು. ಇಷ್ಟೆಲ್ಲ ಕೇಳಿದವಳು ನಾನು, ಒಂದು ಮಾತಾಡಿಸೋಣ ಎನಿಸಿತು.

"ಇನ್ನಾದ್ರೂ ನೆಮ್ಮದಿ ಆಯ್ತಲ್ಲ ಹನುಮಿ" ಎಂದೆ.

"ಅವತ್ತು ನನ್ ಪರ ಒಂದ್ ಮಾತಾಡ್ದೋಳು ಇವತ್ತು ನೆಮ್ಮದಿ ವಿಚಾರ್ಸ್ಬೋದು" ಎಂದಳು. "ನೀನು ಮಾತಾಡ್ಲಿಲ್ಲ."

"ನಾನು ನಗ್ಲಿಲ್ಲ ಕಣೇ."

"ನಗ್ದೇ ಇರೋದು ಮಾತಾಡ್ದಂಗಲ್ಲ."

ಅವಳ ಬಿಂದಿಗೆ ತುಂಬಿತು. ತನುಶ್ರೀಯ ಸೊಂಟಕ್ಕೆ ಒಂದನ್ನು ಏರಿಸಿ, ತಾನೊಂದನ್ನು ಎತ್ತಿಕೊಂಡು, ಹಿಂತಿರುಗಿ ನೋಡದೆ ಹೋದಳು. ನಲ್ಲಿಯ ಧಾರೆ ಸಣ್ಣಗಾಗುತ್ತಿತ್ತು. ನಾನು ನನ್ನ ಬಿಂದಿಗೆಯನ್ನು ಒಮ್ಮೆ ಗಲಬರಿಸಿ ಚೆಲ್ಲಿ, ನಲ್ಲಿಯ ಕೆಳಗೆ ಇಟ್ಟೆ.